ಟ್ಯಾನ್ ಲೆಕ್ಕಕ್ಕೆ ದೋಟಿಯ ಸಾಕ್ಷಿ

ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಪೆರ್ಲ, ಬದಿಯಡ್ಕ, ಮುಳ್ಳೇರಿಯದಿಂದ ಬರುವ ಮಕ್ಕಳಲ್ಲಿ ಹತ್ತನೆಯವರೆಗೆ ಕನ್ನಡ ಮೀಡಿಯಂನವರೇ ಜಾಸ್ತಿ. ಪ್ಲಸ್ ಟುಗೆ ಬಂದ ಕೂಡಲೇ ಎಲ್ಲ ಇಂಗ್ಲಿಷ್. ಡಿಗ್ರಿಯ ಮೊದಲ ಇಂಟರ್ನಲ್‌ನಲ್ಲಿ ಟ್ರಿಗನಾಮೆಟ್ರಿ ಬಂತೆಂದರೆ ಅರ್ಧ ಪೇಪರು ಖಾಲಿ.

ಕೇರಳದ ಕಾಲೇಜುಗಳಲ್ಲಿ ಇಂಥವರಿಗಾಗಿ ಸ್ಕಾಲರ್ ಸಪೋರ್ಟ್ ಪ್ರೋಗ್ರಾಂ ಎಂಬ ಯೋಜನೆಯೇ ಇದೆ. ಆದರೆ ಕ್ಲಾಸ್ ನಡೆಸುವುದು ನಾವೇ ಅಲ್ವಾ? ಮೊದಲ ವರ್ಷ ಕಮ್ಮಿ ಮಾರ್ಕಿನವರ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸಿದೆ. ಸಂಜೆ ನಾಲ್ಕರ ಮೇಲೆ ಕ್ಲಾಸ್. ಮೂರನೇ ದಿನಕ್ಕೆ ಉಳಿದವರು ಇಬ್ಬರು. ನಾಲ್ಕೂಕಾಲರ ಬಸ್ಸು ತಪ್ಪಿದರೆ ಮನೆ ಮುಟ್ಟುವಾಗ ಕತ್ತಲು. ಮೇಲಿಂದ ಹೆಸರು ಬೋರ್ಡಿಗೆ ಬಂದ ನಾಚಿಕೆ. ಪಟ್ಟಿ ಅಂಟಿಸಿದ್ದು ನನ್ನದೇ ತಪ್ಪು.

ಮರುವರ್ಷ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಇಟ್ಟೆ. ಯಾರು ಬೇಕಾದರೂ ಬರಬಹುದು, ಬುತ್ತಿ ಬಿಚ್ಚಿಕೊಂಡೇ ಕೂರಬಹುದು.

ಅದಕ್ಕೂ ಮೊದಲು ಹಳೆಯ ಉತ್ತರ ಪತ್ರಿಕೆಗಳಿಂದ ತಪ್ಪುಗಳನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಟ್ರಿಗನಾಮೆಟ್ರಿಯದ್ದೇ ಆದ ತಪ್ಪು ಕಮ್ಮಿ. ಭಿನ್ನರಾಶಿ, ಬ್ರಾಕೆಟ್ಟಿನ ಮುಂದಿನ ಮೈನಸ್, ಹೀಗೆ ಎಂಟನೇ ಕ್ಲಾಸಿನ ಸಾಲಗಳೇ ಎಲ್ಲ. ಸೈನ್ ಎಕ್ಸ್ ಅನ್ನು ಎಕ್ಸ್‌ನಿಂದ ಭಾಗಿಸಿ, ಎರಡು ಕಡೆಯೂ ಎಕ್ಸ್ ಹೊಡೆದುಹಾಕಿ, ಉತ್ತರ ‘ಸೈನ್’ ಅಂತ ಬರೆದವನೂ ಇದ್ದ!

ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅಂದರೆ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್ ಎನ್ನುವುದು. ಸೂತ್ರ ಹೇಳಿಕೊಡಲಿಲ್ಲ. 2 ಮತ್ತು 3 ಹಾಕಿ ನೋಡಿ ಅಂದೆ. ಒಂದು ಕಡೆ 25, ಇನ್ನೊಂದು ಕಡೆ 13. ಮಿಕ್ಕ 12 ಎಲ್ಲಿ ಹೋಯಿತು? ಚೌಕುಳಿ ಹಾಳೆಯಲ್ಲಿ ಐದರ ಚೌಕ ಬರೆದು, ಬದಿಗಳನ್ನು ಎರಡು, ಮೂರಾಗಿ ಕತ್ತರಿಸಲು ಹೇಳಿದೆ. ಆರು ಆರರ ಎರಡು ತುಂಡು ಅಲ್ಲೇ ಕೂತಿದ್ದವು.

ಲಂಬಕೋನ ತ್ರಿಭುಜದ ಅತಿ ಉದ್ದದ ಬದಿಗೆ ಹೈಪೊಟೆನ್ಯೂಸ್ ಎಂದರೆ ಸುಮ್ಮನಿರುತ್ತಿದ್ದವರು ಕರ್ಣ ಎಂದೊಡನೆ ತಲೆಯೆತ್ತಿದರು. ಮಲಯಾಳದಲ್ಲೂ ಅದು ಕರ್ಣಂ, ಹಾಗಾಗಿ ಎಲ್ಲರಿಗೂ ದಕ್ಕಿತು. ಸೈನ್‌ಗೂ ನಮ್ಮದೇ ಹಳೆಯ ಹೆಸರಿದೆ. ಆರ್ಯಭಟನ ಕಾಲದ ಜ್ಯಾ, ಅಂದರೆ ಬಿಲ್ಲಿನ ಹೆದೆ. ಅದು ಅರಬಿಗೆ ಹೋಯಿತು. ಅಲ್ಲಿಂದ ಲ್ಯಾಟಿನ್‌ಗೆ ತಂದವರು ಬೇರೆ ಶಬ್ದವೆಂದು ಓದಿ ಸೈನಸ್ ಮಾಡಿಬಿಟ್ಟರು. ಬೋರ್ಡಿನಲ್ಲಿ ವೃತ್ತ ಬರೆದು ಬಿಲ್ಲು ತೋರಿಸಿದೆ. ಅರ್ಧ ಹೆದೆಯನ್ನು ತ್ರಿಜ್ಯದಿಂದ ಭಾಗಿಸಿದರೆ ಸೈನ್. ಅರ್ಧ ಹೆದೆ ತ್ರಿಜ್ಯಕ್ಕಿಂತ ಉದ್ದ ಆಗುವುದಿಲ್ಲ, ಆದ್ದರಿಂದ ಸೈನ್ ಒಂದನ್ನು ದಾಟುವುದಿಲ್ಲ. ಮರುದಿನ ಒಬ್ಬಳು ಸೈನ್ 30 ಮತ್ತು ಸೈನ್ 60 ಕೂಡಿಸಿದಳು. 1.366 ಬಂತು. “ಟೀಚರ್, ಸೈನ್ 90 ಒಂದೇ ಅಲ್ವಾ? ಇದೂ ಆ ಚೌಕದ ಹಾಗೆಯೇ, ಸುಮ್ನೆ ಕೂಡಿಸಿದರೆ ಆಗುವುದಿಲ್ಲ” ಅಂದಳು. ಆ ದಿನ ನನಗೆ ಊಟ ಸೇರಲಿಲ್ಲ, ಖುಷಿಗೆ.

ಎಲ್ಲರೂ ಪಾಸಾಗಲಿಲ್ಲ. ಭಿನ್ನರಾಶಿಯೇ ಬಾರದ ನಾಲ್ಕೈದು ಮಂದಿಗೆ ಅರ್ಧ ಗಂಟೆ ಏನೇನೂ ಸಾಲದು. ಅವರನ್ನು ಬೇರೆಯಾಗಿ ಕೂರಿಸಬೇಕಿತ್ತು.

ಕೋನಮಾಪಕ, ಸ್ಟ್ರಾ, ನೂಲು, ಒಂದು ಕಲ್ಲು. ಇಷ್ಟರಲ್ಲಿ ಎತ್ತರ ಅಳೆಯುವುದನ್ನು ಅಂಗಳದ ತೆಂಗಿನ ಮರದಲ್ಲಿ ತೋರಿಸಿದೆ. ಅಡಿಕೆ ಕೊಯ್ಲಿಗೆ ಹೋಗುವ ಹುಡುಗನೊಬ್ಬ ಮನೆಯ ತೋಟದ ಅಡಿಕೆ ಮರಕ್ಕೂ ಮಾಡಿದ. ಬುಡದಿಂದ 40 ಅಡಿ ದೂರ, ಕೋನ 50 ಡಿಗ್ರಿ, ಟ್ಯಾನ್ 1.19. ಗುಣಿಸಿದಾಗ ಎತ್ತರ ಸುಮಾರು 48 ಅಡಿ ಬಂತು. ಅವನು ಅಷ್ಟಕ್ಕೆ ನಂಬಲಿಲ್ಲ. ಅಡಿಕೆ ಕೊಯ್ಯುವ ಉದ್ದದ ಕೋಲು, ಅಂದರೆ ದೋಟಿ, ಎತ್ತಿ ಅಡಿಕೆ ಗೊನೆಗೆ ತಾಗಿಸಿ, ಕೆಳಗಿಳಿಸಿ ಟೇಪು ಹಿಡಿದ.

“ದೋಟಿಯಲ್ಲಿ 53 ಟೀಚರ್. ನಿಮ್ಮ ಟ್ಯಾನ್ ಐದಡಿ ತಪ್ಪು.”

“ನೀನು ನಿಂತು ನೋಡಿದ್ದಾ, ಮಲಗಿ ನೋಡಿದ್ದಾ?”

ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ತಂದು, ನೆಲ ನೋಡಿ ನಗತೊಡಗಿದ.