ಕೆಮ್ಮಣ್ಣಿನಲ್ಲಿ ಗೆಡ್ಡೆ ತರಕಾರಿ: ಕಳಿತ ಗೊಬ್ಬರದ ನನ್ನ ಅನುಭವ

ಹೆಸರಘಟ್ಟದ ಕಡೆಯ ನಮ್ಮ ಜಮೀನಿನದು ಬೆಂಗಳೂರಿನ ಸುತ್ತಮುತ್ತ ಸಾಮಾನ್ಯವಾದ ಕೆಂಪು ಗೋಡು ಮಣ್ಣು. ಜೋರು ಮಳೆ ಬಿದ್ದು ಮರುದಿನ ಬಿಸಿಲು ಕಾಯ್ದರೆ ಅದರ ಮೇಲ್ಪದರ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಅದನ್ನು ಸೀಳಿಕೊಂಡು ಮೇಲೇಳುವಷ್ಟು ಶಕ್ತಿ ಕ್ಯಾರೆಟ್ಟಿನ ಎಳೆ ಮೊಳಕೆಗೆ ಇರುವುದಿಲ್ಲ. ಹೀಗಾಗಿ ಗೆಡ್ಡೆ ತರಕಾರಿಗೆ ಕೈ ಹಾಕಿದಾಗ ಪೋಷಕಾಂಶಕ್ಕಿಂತ ಮೊದಲು ಮಣ್ಣನ್ನು ಸಡಿಲಗೊಳಿಸುವ ಕಡೆಗೇ ಗಮನ ಕೊಟ್ಟೆ.

ಮುಂಗಾರಿನ ಆರಂಭದಲ್ಲಿ ಹಸಿರೆಲೆ ಗೊಬ್ಬರಕ್ಕೆಂದು ಸೆಣಬು ಬಿತ್ತಿ, ಹೂ ಕಾಣಿಸಿಕೊಳ್ಳುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ, ಉತ್ತು ಮಣ್ಣಿಗೆ ಸೇರಿಸುತ್ತೇನೆ. ತಡಮಾಡಿದರೆ ಕಾಂಡ ನಾರುಗಟ್ಟಿ ಬೇಗ ಕೊಳೆಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಕೊಟ್ಟಿಗೆ ಗೊಬ್ಬರದಲ್ಲಿ. ಅರೆಬರೆ ಕಳಿತ ಗೊಬ್ಬರ ಹಾಕಿದರೆ ಕ್ಯಾರೆಟ್ ಕವಲೊಡೆಯುತ್ತದೆ, ಮೈತುಂಬ ಕೂದಲಿನಂಥ ಬೇರು ಬರುತ್ತದೆ; ಜೊತೆಗೆ ಗೊಣ್ಣೆಹುಳುವನ್ನೂ ನಾವೇ ಹೊಲಕ್ಕೆ ತಂದುಕೊಂಡಂತಾಗುತ್ತದೆ. ಟ್ರ್ಯಾಕ್ಟರ್ ಲೋಡಿನಲ್ಲಿ ಮಾರಾಟಕ್ಕೆ ಬರುವ ಗೊಬ್ಬರದಲ್ಲಿ ಅರೆಬರೆ ಕಳಿತದ್ದೇ ಹೆಚ್ಚಾದ್ದರಿಂದ ನಾನು ಅದನ್ನು ನೆರಳಿನಲ್ಲಿ ರಾಶಿ ಹಾಕಿ, ತೇವ ಆರದಂತೆ ನೋಡಿಕೊಂಡು, ಆಗಾಗ ತಿರುವಿ ಹಾಕುತ್ತೇನೆ. ರಾಶಿಯೊಳಗೆ ಕೈ ತೂರಿಸಿದರೆ ಬಿಸಿ ತಾಗಬಾರದು, ಹಿಡಿ ತುಂಬ ತೆಗೆದು ಮೂಸಿದರೆ ಸೆಗಣಿಯ ವಾಸನೆ ಬಾರದೆ ಮಣ್ಣಿನ ವಾಸನೆ ಬರಬೇಕು, ಹುಲ್ಲಿನ ಎಳೆ ಗುರುತು ಸಿಗದಂತೆ ಕರಗಿರಬೇಕು. ಹಾಗಾದ ಮೇಲೆಯೇ ಅದನ್ನು ಎಕರೆಗೆ 10 ಟನ್ ಲೆಕ್ಕದಲ್ಲಿ, ಎಂದರೆ ಗುಂಟೆಗೆ 250 ಕಿಲೋದಂತೆ, ಬೇವಿನ ಹಿಂಡಿಯೊಂದಿಗೆ ಬೆರೆಸಿ ಏರುಮಡಿಗೆ ಹಾಕುವುದು. ಬೀಜದ ಮೇಲೆ ಮಣ್ಣು ಮುಚ್ಚದೆ, ಜರಡಿ ಹಿಡಿದ ಎರೆಹುಳು ಗೊಬ್ಬರವನ್ನು ತೆಳುವಾಗಿ ಉದುರಿಸುತ್ತೇನೆ. ಮಳೆ ಹೊಡೆದರೂ ಅದು ಹೆಪ್ಪುಗಟ್ಟುವುದಿಲ್ಲ.

ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇರುವುದು ನಿಜವಾದರೂ ಅದು ಮಣ್ಣಿನ ಕ್ಷಾರಗುಣ ಹೆಚ್ಚಿಸುವುದರಿಂದ, ಮಣ್ಣು ಪರೀಕ್ಷೆಯಲ್ಲಿ ಹುಳಿ ಅಂಶ ಕಂಡ ಮಡಿಗಳಿಗೆ ಮಾತ್ರ ಹಿತಮಿತವಾಗಿ ಬಳಸುತ್ತೇನೆ. ಸೊಪ್ಪು ಸೊಂಪಾಗಿ ಬೆಳೆದದ್ದನ್ನು ನೋಡಿ ಹಿಗ್ಗುವವರಿದ್ದಾರೆ. ಸಾರಜನಕ ಅತಿಯಾದರೆ ಎಲೆ ಹಬ್ಬಿ ಗೆಡ್ಡೆ ಸೊರಗುತ್ತದೆ ಎಂಬುದು ಕೀಳುವಾಗಲೇ ಗೊತ್ತಾಗುವುದು.

ಈ ಕ್ರಮಕ್ಕೆ ಮೊದಲು ಒಲಿದದ್ದು ಮೂಲಂಗಿ, ಅದರಲ್ಲೂ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಶಾಂತ್ ತಳಿ. ಕ್ಯಾರೆಟ್ ನೇರವಾಗಿ ಇಳಿಯಲು ಇನ್ನಷ್ಟು ಕಾಯಬೇಕಾಯಿತು. ಈಗ ಕವಲೊಡೆದು ಬದಿಗೆ ಹಾಕುವ ಗೆಡ್ಡೆ ಕಡಿಮೆಯಾಗಿರುವುದರಿಂದ ಅದೇ ಮಡಿಯಲ್ಲಿ ಮಾರಾಟಕ್ಕೆ ಸಿಗುವ ತೂಕ ಹೆಚ್ಚಾಗಿದೆ. ಗೆಡ್ಡೆ ಕಿತ್ತ ಮಡಿಗೆ ಯಾವ ಕಾಲದಲ್ಲೂ ಬೆಳೆಯಬಹುದಾದ ಹೆಬ್ಬಾಳ ಅವರೆ-4 ಎಂಬ ಅವರೆ ತಳಿ ಹಾಕಿ, ಕಾಯಿ ಬಿಡಿಸಿದ ಮೇಲೆ ಬೇರನ್ನು ಮಣ್ಣಿನಲ್ಲೇ ಬಿಟ್ಟು ಗಿಡವನ್ನು ಮಾತ್ರ ಕೊಯ್ದು ಗೊಬ್ಬರದ ರಾಶಿಗೆ ಸೇರಿಸುತ್ತೇನೆ.