ಹೊಂಡದಿಂದ ಗ್ಯಾಂಬೂಸಿಯಾ ತೆಗೆಯುವ ಬಗೆ: ಎರಡು ಸಲ ನೀರು ಬಸಿದು ಕಲಿತದ್ದು

ನನ್ನ ಹೊಂಡ ಇಪ್ಪತ್ತು ಹೆಜ್ಜೆ ಉದ್ದ, ನಡುವೆ ಸೊಂಟದಷ್ಟು ಆಳ. ಮಳೆಗಾಲದಲ್ಲಿ ಕಪ್ಪೆಗಳು ರಾತ್ರಿಯಿಡೀ ಕೂಗಿ ಮೊಟ್ಟೆ ಇಡುತ್ತಿದ್ದವು. ಗೊದಮೊಟ್ಟೆ ಮಾತ್ರ ಒಂದೂ ಕಾಣುತ್ತಿರಲಿಲ್ಲ. ತಿನ್ನುತ್ತಿದ್ದದ್ದು ಗ್ಯಾಂಬೂಸಿಯಾ. ಸೊಳ್ಳೆ ಮರಿ ತಿನ್ನುತ್ತದೆ ಅಂತ ಅಮೆರಿಕದಿಂದ ಲೋಕವೆಲ್ಲ ಹಂಚಿದ ಮೀನು. ಸೊಳ್ಳೆ ಮರಿಯನ್ನಷ್ಟೇ ತಿನ್ನು ಅಂತ ಅದಕ್ಕೆ ಯಾರು ಹೇಳಿದ್ದರು?

ಮೊದಲು ಗುರುತು ಹಿಡಿಯಿರಿ. ಬೂದು ಮೈ, ಮೇಲಕ್ಕೆ ತಿರುಗಿದ ಬಾಯಿ, ದುಂಡು ಬಾಲ. ಗಂಡಿನ ಹೊಟ್ಟೆಯ ಕೆಳಗಿನ ರೆಕ್ಕೆ ಕಡ್ಡಿಯಂತೆ ಉದ್ದ. ಸ್ಥಳೀಯ ಸಣ್ಣ ಮೀನುಗಳಲ್ಲೂ ಕೆಲವಕ್ಕೆ ಬಾಯಿ ಮೇಲಕ್ಕೇ ಇರುತ್ತದೆ. ಅನುಮಾನ ಬಂದರೆ ಫೋಟೋ ತೆಗೆದು ಬಲ್ಲವರಿಗೆ ತೋರಿಸಿ. ನೀರು ಬಸಿಯಲು ಅನುಮತಿ ಬೇಕೇ ಅಂತಲೂ ಮೊದಲೇ ಕೇಳಿಕೊಳ್ಳಿ.

ಕೈಬಲೆಯಲ್ಲಿ ಹಿಡಿದೇ ಮುಗಿಸುತ್ತೇನೆ ಅನ್ನಬೇಡಿ. ನಾನು ಒಂದು ತಿಂಗಳು ಹಾಗೆ ಸುಮ್ನೆ ಕಳೆದೆ. ಇದು ಮೊಟ್ಟೆ ಇಡದೆ ನೇರ ಮರಿ ಹಾಕುವ ಮೀನು. ಹೆಣ್ಣು ಗಂಡಿನ ವೀರ್ಯವನ್ನು ಒಡಲಲ್ಲೇ ಕಾಪಿಟ್ಟುಕೊಳ್ಳುತ್ತದೆ. ಹಾಗಾಗಿ ಒಂದೇ ಒಂದು ಹೆಣ್ಣು ಉಳಿದರೂ ಹೊಂಡ ಮತ್ತೆ ತುಂಬುತ್ತದೆ. ಸಣ್ಣ ಹೊಂಡಕ್ಕೆ ಪೂರ್ತಿ ಒಣಗಿಸುವುದೇ ದಾರಿ. ಅದೂ ಗೊದಮೊಟ್ಟೆಗಳು ಕಪ್ಪೆಯಾಗಿ ಹೊರಟ ಮೇಲೆ, ಬೇಸಿಗೆಯಲ್ಲಿ.

ಪಂಪಿನ ಬಾಯಿಗೆ ಸೊಳ್ಳೆ ಪರದೆ ಕಟ್ಟಿ. ನೀರು ಹೊರಬೀಳುವ ತುದಿಗೂ ಇನ್ನೊಂದು. ಹುಟ್ಟಿದ ಮರಿ ಒಂದು ಸೆಂಟಿಮೀಟರಿಗಿಂತ ಚಿಕ್ಕದು, ಹೊಳೆಗೆ ಸೇರಿಬಿಟ್ಟರೆ ಮುಗಿಯಿತು. ನೀರು ಮೊಣಕಾಲಿಗೆ ಇಳಿದಾಗ ಸ್ಥಳೀಯ ಮೀನು, ಏರೋಪ್ಲೇನ್ ಚಿಟ್ಟೆಯ ಮರಿ ಎಲ್ಲವನ್ನೂ ಎತ್ತಿ ನೆರಳಿನ ತೊಟ್ಟಿಗೆ ಹಾಕಿ. ಸ್ವಲ್ಪ ಸ್ವಲ್ಪವಾಗಿ ಬಿಳಿ ಬೋಗುಣಿಗೆ ಸುರಿದು ನೋಡಿ, ಗ್ಯಾಂಬೂಸಿಯಾ ಮರಿಗಳು ನುಸುಳಿರುತ್ತವೆ.

ನಾನು ಮೊದಲ ಸಲ ಎಡವಿದ್ದು ಕೋಡಿಯಲ್ಲಿ. ಹುಲ್ಲಿನ ಕೆಳಗೆ ತಟ್ಟೆಯಷ್ಟು ನೀರು ನಿಂತಿತ್ತು. ‘ಇಷ್ಟರಲ್ಲಿ ಏನಿದ್ದೀತು’ ಅಂದುಕೊಂಡೆ. ಮುಂದಿನ ವರ್ಷ ಹೊಂಡದ ತುಂಬ ಅವೇ! ಎರಡನೇ ಸಲ ಹುಲ್ಲು ಕಿತ್ತೆ, ಏಡಿ ಬಿಲಗಳನ್ನು ನೋಡಿದೆ, ಕೆಸರು ಬಿರುಕು ಬಿಡುವವರೆಗೂ ಕಾದೆ. ಅಂದಹಾಗೆ, ಈ ಉಪಾಯ ಆಫ್ರಿಕನ್ ಕ್ಯಾಟ್‌ಫಿಶ್‌ಗೆ ನಡೆಯದು. ಅದು ಗಾಳಿ ಉಸಿರಾಡುತ್ತದೆ, ಹಸಿ ಕೆಸರಲ್ಲೂ ಬದುಕುತ್ತದೆ, ಅಗೆದೇ ತೆಗೆಯಬೇಕು.

ರೋಟೆನೋನ್ ಎಂಬ ವಿಷವನ್ನು ಅನುಮತಿ, ತರಬೇತಿ ಇದ್ದವರು ಬಳಸುತ್ತಾರೆ. ನಾವು ಮುಟ್ಟುವುದು ಬೇಡ. ಕಿವಿರಿನಲ್ಲಿ ಉಸಿರಾಡುವ ಗೊದಮೊಟ್ಟೆಯನ್ನೂ ಅದು ಬಿಡುವುದಿಲ್ಲ. ದೊಡ್ಡ ಕೆರೆಗೆ ತಾಳ್ಮೆಯೇ ಬೇಕು. ಅಮೆರಿಕದ ಸಿಯೆರಾ ನೆವಾಡದ ಬೆಟ್ಟದ ಕೆರೆಗಳಲ್ಲಿ ಹೊರಗಿನಿಂದ ತಂದು ಬಿಟ್ಟಿದ್ದ ಟ್ರೌಟ್ ಮೀನನ್ನು ಬಲೆ ಬಿಟ್ಟು ಬಿಟ್ಟು ತೆಗೆದ ಮೇಲೆ ಅಲ್ಲಿನ ಹಳದಿ ಕಾಲಿನ ಕಪ್ಪೆಗಳು ಹೆಚ್ಚಿದವು.

ಹಿಡಿದ ಮೀನನ್ನು ಪಾಪ ಅಂತ ಇನ್ನೊಂದು ನೀರಿಗೆ ಬಿಡಬೇಡಿ. ಬಲೆ, ಬೂಟು ತೊಳೆದು ಪೂರ್ತಿ ಒಣಗಿಸಿ. ನೀರು ತುಂಬಿದ ಮೇಲೆ ತಿಂಗಳಿಗೊಮ್ಮೆ, ಬಿಸಿಲು ಬಿದ್ದ ಅಂಚಿನಲ್ಲಿ ಹತ್ತು ನಿಮಿಷ ಅಲ್ಲಾಡದೆ ಕೂತು ನೋಡಿ. ಇದ್ದರೆ ಅವು ಅಲ್ಲೇ, ನೀರಿನ ಮೇಲ್ಮೈಯಲ್ಲೇ ಸುಳಿದಾಡುತ್ತವೆ. ನಾನು ಎರಡು ಮಳೆಗಾಲ ಹಾಗೆ ಕೂತೆ. ಕಂಡದ್ದು ಗೊದಮೊಟ್ಟೆಗಳು ಮಾತ್ರ.