ಕಾರು ಬೇಡವೆಂದ ಮೇಲೆ: ಮೈಸೂರಿನಲ್ಲಿ ನನ್ನ ಸೈಕಲ್ ಓಡಾಟ

ನಮ್ಮ ಮನೆ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ನಾನು ವಿಜ್ಞಾನ ಪಾಠ ಮಾಡುವ ಸರ್ಕಾರಿ ಪ್ರೌಢಶಾಲೆ ಒಂಟಿಕೊಪ್ಪಲ್ ಕಡೆ, ಸುಮಾರು 6 ಕಿ.ಮೀ. ದೂರ. ಆ ಶಾಲೆಗೆ ವರ್ಗವಾದಾಗ ಮನೆಯಲ್ಲಿ ಕಾರಿನ ಮಾತು ಬಂತು. ಸಾಲ ಸಿಗುತ್ತಿತ್ತು, ಯಜಮಾನರೂ ಒಪ್ಪಿದ್ದರು. ಆದರೆ ಸಣ್ಣ ಕಾರು ಎಂದರೂ 800–900 ಕಿಲೋ ತೂಗುತ್ತದೆ. ನನ್ನೊಬ್ಬಳನ್ನು 6 ಕಿ.ಮೀ. ಸಾಗಿಸಲು ಅಷ್ಟು ಭಾರ ಎಳೆಯಬೇಕೇ ಎಂಬ ಲೆಕ್ಕ ನನಗೆ ಕೊನೆಗೂ ಒಗ್ಗಲಿಲ್ಲ. ಸೈಕಲ್ ತೆಗೆದುಕೊಂಡೆ. ಶಾಲೆ, ಮಾರ್ಕೆಟ್, ಬ್ಯಾಂಕು, ನೆಂಟರ ಮನೆ, ಊರೊಳಗಿನ ಓಡಾಟವೆಲ್ಲ ಈಗ ಅದರಲ್ಲೇ.

ದುಡ್ಡು ಹಾಕುವ ಮೊದಲು ಪರೀಕ್ಷಿಸಿ ನೋಡಲು ನಮ್ಮೂರಿನವರಿಗೆ ಒಂದು ಅನುಕೂಲವಿತ್ತು. 2017ರ ಜೂನ್‌ನಲ್ಲಿ ಇಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಶುರುವಾಯಿತು, 450 ಸೈಕಲ್‌ಗಳಿಂದ. ಕಾರ್ಡ್ ಮಾಡಿಸಿ ಭಾನುವಾರಗಳಲ್ಲಿ ಅದರಲ್ಲೇ ಸುತ್ತಿದೆ. ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟಿರಲಿಲ್ಲ, ಕಾಲು ಮರೆತಿರಲಿಲ್ಲ. ಬೇಕಿದ್ದದ್ದು ಶಕ್ತಿಗಿಂತ ಹೆಚ್ಚಾಗಿ ಒಳ್ಳೆಯ ದಾರಿ ಎಂಬುದು ಆಗಲೇ ತಿಳಿಯಿತು.

ದಾರಿಯ ವಿಷಯವನ್ನು ಒತ್ತಿ ಹೇಳಬೇಕು. ಸೈಕಲ್ ಕೊಂಡು ತಿಂಗಳೊಳಗೆ ಬಿಟ್ಟವರನ್ನು ನಾನು ಮಾತಾಡಿಸಿದ್ದೇನೆ. ಹೆಚ್ಚಿನವರು ಬೈಕಿನಲ್ಲಿ ಹೋಗುತ್ತಿದ್ದ ದೊಡ್ಡ ರಸ್ತೆಯಲ್ಲೇ ಸೈಕಲ್ಲನ್ನೂ ಇಳಿಸಿದವರು. ಹಿಂದಿನಿಂದ ಬಸ್ಸಿನ ಹಾರ್ನ್ ಕೇಳುತ್ತ ದಿನಾ ಹೋಗುವುದು ಯಾರಿಂದಲೂ ಆಗದು. ನಾನು ಕುವೆಂಪುನಗರದ ಒಳರಸ್ತೆಗಳಲ್ಲೇ ಸಾಗಿ ಸರಸ್ವತಿಪುರಂ ಸೇರುತ್ತೇನೆ. ಅಲ್ಲಿಂದ ಕುಕ್ಕರಹಳ್ಳಿ ಕೆರೆಯ ಬದಿಗೆ ಬಂದು, ಬೋಗಾದಿ ರಸ್ತೆಯಿಂದ ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದೊಳಗೆ ಹೊಕ್ಕರೆ ಮರದ ನೆರಳು, ವಾಹನ ಕಮ್ಮಿ. ಆ ಕಡೆ ಹುಣಸೂರು ರಸ್ತೆ. ಅದನ್ನು ಮಾತ್ರ ಇಳಿದು, ಸೈಕಲ್ ತಳ್ಳಿಕೊಂಡು, ಪಾದಚಾರಿಯಂತೆ ದಾಟುತ್ತೇನೆ. ಆಮೇಲೆ ಜಯಲಕ್ಷ್ಮೀಪುರಂ, ಒಂಟಿಕೊಪ್ಪಲ್. ಈ ದಾರಿ ಸ್ವಲ್ಪ ಸುತ್ತು ನಿಜ. ಅರ್ಧ ಗಂಟೆಯೊಳಗೆ ಮುಟ್ಟುತ್ತೇನೆ, ಮತ್ತು ದಿನಾ ಹೆಚ್ಚುಕಮ್ಮಿ ಅದೇ ಹೊತ್ತು ಹಿಡಿಯುತ್ತದೆ. ದಸರೆಯಲ್ಲಿ ಅರಮನೆ ಸುತ್ತಲಿನ ರಸ್ತೆಗಳನ್ನು ಒನ್‌ವೇ ಮಾಡಿ ಊರೆಲ್ಲ ಕಟ್ಟಿಕೊಂಡಾಗ ಕಾರಿನವರು ಗಡಿಯಾರ ನೋಡುತ್ತ ಕೂತಿರುತ್ತಾರೆ. ನನ್ನ ಹೊತ್ತು ಬದಲಾಗುವುದಿಲ್ಲ.

ಇನ್ನು ಸೈಕಲ್. ಅಂಗಡಿಗೆ ಹೋದರೆ ಹುಡುಗರು ಮೊದಲು ತೋರಿಸುವುದು ದಪ್ಪ ಟೈರು, ಮುಂದೆ ಸಸ್ಪೆನ್ಷನ್, ಇಪ್ಪತ್ತೊಂದು ಗೇರು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಚೈನ್ ಕವರ್ ಇಲ್ಲ. ಬೆಟ್ಟ ಹತ್ತುವವರಿಗೆ ಅದು ಸರಿ. ಡಾಂಬರಿನ ಮೇಲೆ ದಿನದ ಕೆಲಸಕ್ಕೆ ಹೋಗುವವರಿಗೆ ಬೇಕಾದದ್ದೆಲ್ಲ ಅದರಲ್ಲಿ ಇಲ್ಲದ್ದೇ. ನಾನು ಆರಿಸಿದ್ದು ಅಡ್ಡ ಪೈಪ್ ಇಲ್ಲದ ಲೇಡೀಸ್ ಸೈಕಲ್, 26 ಇಂಚಿನ ಚಕ್ರ, ಪೂರ್ತಿ ಚೈನ್ ಕವರ್, ಗಟ್ಟಿ ಕ್ಯಾರಿಯರ್. ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ, ಮಡ್‌ಗಾರ್ಡಿನಿಂದ ಆಕ್ಸಲ್‌ವರೆಗೆ, ನೈಲಾನ್ ದಾರದ ಬಲೆ ಹೆಣೆಸಿದೆ. ಸೆರಗಾಗಲಿ ದುಪಟ್ಟಾವಾಗಲಿ ಕಡ್ಡಿಗೆ ಸಿಗುವುದಿಲ್ಲ. ಸೀರೆಯಲ್ಲಿ ಸೈಕಲ್ ಹೇಗೆ ಎಂದು ಕೇಳುವ ಎಲ್ಲ ಹೆಂಗಸರಿಗೂ ನಾನು ಮೊದಲು ತೋರಿಸುವುದು ಈ ಬಲೆಯನ್ನೇ.

ನನ್ನದರಂಥ ಗೇರಿಲ್ಲದ ಸೈಕಲ್ಲಿನಲ್ಲಿ ಏರು ಹತ್ತುವುದು ಕಷ್ಟ ಎನ್ನುತ್ತಾರೆ. ಅದಕ್ಕೆ ಸಣ್ಣ ಪರಿಹಾರವಿದೆ. ಚೈನ್ ಕೂರುವ ಪೆಡಲ್ ಬಳಿಯ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಚಕ್ರದ ಸಣ್ಣ ಹಲ್ಲುಚಕ್ರಕ್ಕೆ, ಅಂದರೆ ಫ್ರೀವೀಲ್‌ಗೆ, 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬರುವಾಗ ಸೈಕಲ್ ಸುಮಾರು 5 ಮೀಟರ್ ಹೋಗುತ್ತದೆ. ಫ್ರೀವೀಲ್ 20 ಹಲ್ಲಿನದಾದರೆ ನಾಲ್ಕೂವರೆ ಮೀಟರ್. ವೇಗ ಚೂರು ಇಳಿಯುತ್ತದೆ, ಮಂಡಿಗೆ ಬೀಳುವ ಭಾರವೂ ಅಷ್ಟೇ ಇಳಿಯುತ್ತದೆ. ರಿಪೇರಿ ಅಂಗಡಿಯ ಸಾಬರಿಗೆ ಹೇಳಿದೆ. “ಮಾಡೋಣ ಬಿಡಿ ಮೇಡಂ, ಮೊದಲೆಲ್ಲ ಸಾಮಾನು ಹೇರೋರು ಹಾಕಿಸ್ಕೊಳ್ತಿದ್ರು” ಅಂದವರು ಅಲ್ಲೇ ಬದಲಿಸಿಕೊಟ್ಟರು. ಸೀಟಿನ ಎತ್ತರವನ್ನೂ ಅವರೇ ಸರಿಮಾಡಿದರು. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಮಂಡಿನೋವು ಎಂದು ಸೈಕಲ್ ಬಿಡುವವರಲ್ಲಿ ಬಹಳ ಮಂದಿಯ ಸೀಟು ತೀರಾ ತಗ್ಗಾಗಿರುತ್ತದೆ.

ಬೆವರಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಓಡಿಸುವಾಗ ಗಾಳಿ ಬೀಸಿ ಬೆವರು ಆರುತ್ತಿರುತ್ತದೆ. ನಿಂತ ತಕ್ಷಣ ಗಾಳಿ ನಿಲ್ಲುತ್ತದೆ, ಮೈ ಬಿಸಿ ಮಾತ್ರ ಉಳಿದಿರುತ್ತದೆ. ಆದ್ದರಿಂದ ಕೊನೆಯ ಅರ್ಧ ಕಿಲೋಮೀಟರ್ ತೀರಾ ನಿಧಾನ ತುಳಿಯಬೇಕು. ಬ್ಯಾಗನ್ನು ಬೆನ್ನಿಗೆ ಹಾಕಲೇಬಾರದು, ಕ್ಯಾರಿಯರ್ ಇರುವುದೇ ಅದಕ್ಕೆ. ಶಾಲೆಯ ಬೀರುವಿನಲ್ಲಿ ಒಂದು ತೆಳು ಟವೆಲ್ ಇಟ್ಟಿದ್ದೇನೆ. ಮಳೆಗೆ ಪ್ಯಾಂಟೂ ಕೋಟೂ ಬೇರೆಬೇರೆ ಇರುವ ರೈನ್‌ಕೋಟ್. ಮೈಸೂರಿನ ಜೂನ್–ಜುಲೈ ಜಿಟಿಜಿಟಿ ಮಳೆಗೆ ಹೆದರಬೇಕಿಲ್ಲ. ಮೇ ಮತ್ತು ಅಕ್ಟೋಬರ್ ಸಂಜೆಯ ಗುಡುಗು ಮಳೆಗೆ ಮಾತ್ರ ಶಾಲೆಯಲ್ಲೇ ಕೂತು, ನೋಟ್ಸ್ ತಿದ್ದಿ, ನಿಂತ ಮೇಲೆ ಹೊರಡುತ್ತೇನೆ. ಒದ್ದೆ ರಸ್ತೆಯಲ್ಲಿ, ಚಕ್ರದ ಅಂಚನ್ನು ಒತ್ತುವ ರಿಮ್ ಬ್ರೇಕ್ ತಡವಾಗಿ ಹಿಡಿಯುತ್ತದೆ, ಅಂತರ ಹೆಚ್ಚು ಬಿಡಬೇಕು.

ಕಾರೇ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯಲು ಆಟೋ ಅಥವಾ ಟ್ಯಾಕ್ಸಿ, ಊರಿಗೆ ಹೋಗಲು ಬಸ್ಸು, ಮದುವೆ ಮುಂಜಿಗೆ ಎಲ್ಲರೂ ಹೊರಟರೆ ಬಾಡಿಗೆ ಕಾರು. ಇಷ್ಟೆಲ್ಲ ಸೇರಿಸಿದರೂ ವರ್ಷದ ಖರ್ಚು ಕಾರಿನ ಸಾಲದ ಕಂತು, ಇನ್ಷೂರೆನ್ಸ್, ಪೆಟ್ರೋಲ್‌ಗಿಂತ ಎಷ್ಟೋ ಕೆಳಗೆ. ಆ ಉಳಿತಾಯ ಮಗಳ ಓದಿಗೆ ಹೋಗುತ್ತಿದೆ.

ನನಗೆ ಕಷ್ಟವೆನಿಸಿದ್ದು ಜನರ ನೋಟ. “ಮೇಡಂ, ಸಂಬಳ ಬರುತ್ತೆ, ಇನ್ನೂ ಸೈಕಲ್ಲಾ?” ಎಂದು ಸ್ಟಾಫ್ ರೂಮಿನಲ್ಲಿ ಕೇಳಿದವರಿದ್ದಾರೆ. ಸೈಕಲ್ ಎಂದರೆ ಬಡವರ ಗಾಡಿ, ದುಡ್ಡು ಬಂದ ದಿನ ಅದನ್ನು ಬಿಡಬೇಕು ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಅದು ಮಕ್ಕಳಿಗೆ ದಾಟುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ನಮ್ಮ ಸರ್ಕಾರ 2006–07ರಿಂದ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಎಷ್ಟೋ ಹೆಣ್ಣುಮಕ್ಕಳು ಯಾರನ್ನೂ ಕಾಯದೆ, ಬಸ್ಸಿಗೆ ಕೈಚಾಚದೆ ಶಾಲೆಗೆ ಬಂದದ್ದು ಅದರಿಂದ. ಅದೇ ಹುಡುಗಿಯರು ಹತ್ತನೇ ತರಗತಿ ಮುಗಿಸಿದ ಮೇಲೆ ಸೈಕಲ್ ಹತ್ತಲು ನಾಚುತ್ತಾರೆ. ನನ್ನ ಸೈಕಲ್ಲನ್ನು ಶಿಕ್ಷಕರ ವಾಹನಗಳ ಸಾಲಿನಲ್ಲಿ ನಿಲ್ಲಿಸದೆ ಮಕ್ಕಳ ಸೈಕಲ್‌ಗಳ ನಡುವೆಯೇ ನಿಲ್ಲಿಸುವುದು ಈ ಕಾರಣಕ್ಕೆ. ಸರಳ ಯಂತ್ರಗಳ ಪಾಠವನ್ನೂ ಅಲ್ಲೇ ಮಾಡುತ್ತೇನೆ. ಹಲ್ಲು ಎಣಿಸಿ, ಚಕ್ರದ ಸುತ್ತಳತೆ ದಾರದಲ್ಲಿ ಅಳೆದು, ಒಂದು ತುಳಿತಕ್ಕೆ ಎಷ್ಟು ದೂರ ಎಂದು ಅವರೇ ಲೆಕ್ಕ ಹಾಕುತ್ತಾರೆ. ಪಂಕ್ಚರ್ ಹಾಕುವುದನ್ನೂ ಕಲಿಸಿದ್ದೇನೆ, ಹುಡುಗಿಯರಿಗೆ ಮೊದಲು.

ಶುರುಮಾಡುವವರಿಗೆ ಒಂದೆರಡು ಮಾತು. ಮೊದಲ ವಾರವೇ ಆಫೀಸಿಗೆ ಹೊರಡಬೇಡಿ, ಹತ್ತಿರದ ತರಕಾರಿ ಅಂಗಡಿಯಿಂದ ಶುರುಮಾಡಿ. ಆಮೇಲೆ ಒಂದು ಭಾನುವಾರ ಆಫೀಸಿನ ದಾರಿ ಹುಡುಕಿ. ಗಾಳಿ ವಾರಕ್ಕೊಮ್ಮೆ ನೋಡಿ. ಎಷ್ಟಿರಬೇಕೆಂದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಬೈಕಿನ ಟ್ಯೂಬಿನಂಥ ವಾಲ್ವ್ ಇರುವ ಟ್ಯೂಬ್ ಹಾಕಿಸಿದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ತುಂಬಿಸಬಹುದು. ಚೈನಿಗೆ ಎಣ್ಣೆ ಬಿಟ್ಟು, ಮೇಲಿನ ಜಿಡ್ಡನ್ನು ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಧೂಳು ಹಿಡಿಯುತ್ತದೆ. ಬೀಗ ಹಾಕುವಾಗ ಚಕ್ರಕ್ಕೆ ಮಾತ್ರ ಹಾಕದೆ ಫ್ರೇಮನ್ನೂ ಸೇರಿಸಿ ಕಂಬಕ್ಕೆ ಹಾಕಿ. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಇವೆರಡನ್ನು ಸೈಕಲ್ ಕೊಂಡ ದಿನವೇ ಕೊಳ್ಳಿ.